ಆಕಾಶಗಂಗೆಯಲ್ಲೊಂದು ಆಡಿಟ್

ಸ್ಟಾರ್ ವಾರ್ಸ್ ನೋಡದವರಿಗೆ ಅದನ್ನು ವಿವರಿಸಲು ಹೊರಟವರು ಮೊದಲ ವಾಕ್ಯದಲ್ಲೇ ಮುಗ್ಗರಿಸುತ್ತಾರೆ. ಯಾಕೆಂದರೆ ಆ ಮೊದಲ ವಾಕ್ಯ ಹೀಗಿರಬೇಕಾಗುತ್ತದೆ: “ಮೊದಲು ನಾಲ್ಕನೇ ಭಾಗ ನೋಡಿ.” ನಾಲ್ಕು, ಐದು, ಆರು ಬಂದದ್ದು 1977, 1980 ಮತ್ತು 1983ರಲ್ಲಿ. ಒಂದು, ಎರಡು, ಮೂರು ಬಂದದ್ದು 1999, 2002 ಮತ್ತು 2005ರಲ್ಲಿ. ಏಳರಿಂದ ಒಂಬತ್ತು 2015ರಿಂದ 2019ರೊಳಗೆ. ನಡುನಡುವೆ ನಂಬರೇ ಇಲ್ಲದ ಎರಡು. ಕಾರ್ಟೂನು, ಟಿವಿ ಸರಣಿಗಳ ಸಂತೆ ಬೇರೆ. ಇಷ್ಟು ಹೇಳುವ ಹೊತ್ತಿಗೆ ಕೇಳುವವರು ಕಾಫಿ ಲೋಟ ಕೆಳಗಿಟ್ಟು ಎದ್ದಿರುತ್ತಾರೆ.

ನಮ್ಮ ಭಾವ ಏಳಲಿಲ್ಲ. ಜೀವಮಾನವೆಲ್ಲ ಒಂದು ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕಳೆದವರು. ವೋಚರಿನ ನಂಬರು ಹಿಂದೆಮುಂದೆ ಆಗಿದ್ದರೆ ಅಲ್ಲೇ ಪೀಠ ಹಾಕಿ ಕೂರುವ ಜಾಯಮಾನ. ಅವರಿಗೆ ಈ ವಿದ್ಯೆ ಬೇಕಾದದ್ದು ನ್ಯೂಜೆರ್ಸಿಯಲ್ಲಿರುವ ಮೊಮ್ಮಗನಿಂದಾಗಿ. ಆ ಪೋರ ಭಾನುವಾರದ ವಿಡಿಯೊ ಕಾಲ್‌ನಲ್ಲಿ ಬೆಳಕಿನ ಪ್ಲಾಸ್ಟಿಕ್ ಕತ್ತಿ ಝಳಪಿಸಿ, ತಾತ ಯಾವ ಪಕ್ಷ ಎಂದು ಕೇಳಿದ್ದಾನೆ. ಲೆಕ್ಕಪತ್ರ ನೋಡದೆ ಭಾವ ಯಾವ ಪಕ್ಷಕ್ಕೂ ಸಹಿ ಹಾಕುವವರಲ್ಲ.

“ಒಂದರಿಂದ ಮೂರು ಎಲ್ಲಿ ಹೋಗಿದ್ದವು?” ಎಂಬುದು ಅವರ ಮೊದಲ ಆಕ್ಷೇಪಣೆ. ಇರಲೇ ಇಲ್ಲ ಎಂಬುದೇ ನಿಜ. 1977ರ ಮೇ ತಿಂಗಳಲ್ಲಿ ಚಿತ್ರ ಬಿಡುಗಡೆಯಾದಾಗ ಅದರ ಹೆಸರು ಬರೀ ‘ಸ್ಟಾರ್ ವಾರ್ಸ್’. ಅದು ನಾಲ್ಕನೇ ಅಧ್ಯಾಯ ಎಂಬ ಪಟ್ಟಿ ಅಂಟಿಕೊಂಡದ್ದು 1981ರ ಮರುಬಿಡುಗಡೆಯಲ್ಲಿ. ಅಂದರೆ ಹುಟ್ಟಿ ನಾಲ್ಕು ವರ್ಷವಾದ ಮೇಲೆ ಕೂಸಿಗೆ ಮೂವರು ಅಣ್ಣಂದಿರಿದ್ದಾರೆಂದು ಗೊತ್ತಾಯಿತು. ಆ ಅಣ್ಣಂದಿರು ಹುಟ್ಟಲು ಇನ್ನೂ ಹದಿನೆಂಟು ವರ್ಷ ಬಾಕಿಯಿತ್ತು. ಭಾವ ಕನ್ನಡಕ ತೆಗೆದು ಒರೆಸಿಕೊಂಡರು. “ಬ್ಯಾಕ್‌ಡೇಟೆಡ್ ಎಂಟ್ರಿ,” ಎಂದರು.

ನಾನು ವಿವರಣೆ ನಿಲ್ಲಿಸಿ ಸಿನಿಮಾ ಹಾಕಿದೆ. ಹಳದಿ ಅಕ್ಷರಗಳು ದೂರ ಸರಿದು ಕರಗುತ್ತವೆ. ಕ್ಯಾಮೆರಾ ಮೆಲ್ಲಗೆ ಕೆಳಗಿಳಿಯುತ್ತದೆ. ಒಂದು ಪುಟ್ಟ ನೌಕೆ ಓಡುತ್ತಿದೆ. ಅದರ ಹಿಂದೆ, ಪರದೆಯ ನೆತ್ತಿಯಿಂದ, ಇನ್ನೊಂದು ನೌಕೆಯ ಹೊಟ್ಟೆ ಕಾಣಿಸಿಕೊಳ್ಳುತ್ತದೆ. ಬರುತ್ತದೆ, ಬರುತ್ತಲೇ ಇರುತ್ತದೆ. ಇನ್ನೇನು ಮುಗಿಯಿತು ಅನ್ನುವಾಗ ಅದರ ಹಿಂದೆ ಇನ್ನಷ್ಟು. ಯಾರು ಬಲಾಢ್ಯರು, ಯಾರು ಜೀವ ಹಿಡಿದುಕೊಂಡು ಓಡುತ್ತಿರುವವರು ಎಂಬುದು ಒಂದೂ ಮಾತಿಲ್ಲದೆ ಗೊತ್ತಾಗಿಬಿಡುತ್ತದೆ. ತಮಾಷೆಯೆಂದರೆ, ಚಿತ್ರೀಕರಣಕ್ಕೆ ಬಳಸಿದ ಆ ದೈತ್ಯ ನೌಕೆಯ ಮಾದರಿ ಮೂರಡಿ ಉದ್ದದ್ದು; ಓಡಿಹೋಗುವ ಪುಟ್ಟ ನೌಕೆಯದೇ ಆರಡಿಗೂ ಮಿಗಿಲು. ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಎಷ್ಟು ಹತ್ತಿರ ಹೋಗಬೇಕು ಎಂಬುದರಲ್ಲೇ ಗಾತ್ರವೆಲ್ಲ ಇತ್ತು.

ಆಮೇಲೆ ಹೊಗೆ, ಬಾಗಿಲು, ಕಪ್ಪು ನಿಲುವಂಗಿ. ಡಾರ್ತ್ ವೇಡರ್ ಬರುತ್ತಾನೆ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವಾಗ ಮುಂದಿನ ಸಾಲಿನ ಮಕ್ಕಳು ಹಿಂದಕ್ಕೆ ಸರಿಯುತ್ತಾರಲ್ಲ, ಭಾವ ಕುರ್ಚಿಯಲ್ಲಿ ಅಷ್ಟೇ ಸರಿದರು. ವೇಷದೊಳಗಿನ ದೇಹ ಡೇವಿಡ್ ಪ್ರೌಸ್ ಎಂಬ ಎತ್ತರದ ಆಂಗ್ಲ ನಟನದು, ದನಿ ಜೇಮ್ಸ್ ಅರ್ಲ್ ಜೋನ್ಸ್ ಎಂಬ ಅಮೆರಿಕನ್ನನದು. ಉಸಿರು ಇಬ್ಬರದೂ ಅಲ್ಲ. ಬೆನ್ ಬರ್ಟ್ ಎಂಬ ಶಬ್ದಶಿಲ್ಪಿ ನೀರಿನಡಿ ಈಜುವವರ ಉಸಿರಾಟದ ಕೊಳವೆಯೊಳಗೆ ಮೈಕ್ ಇಟ್ಟು ಹಿಡಿದದ್ದು.

ಈ ಬರ್ಟ್ ಬಗ್ಗೆ ನಾನು ಸ್ವಲ್ಪ ಉದ್ದಕ್ಕೆ ಹೇಳಿದೆ, ಈಗಲೂ ಹೇಳುತ್ತೇನೆ. ಪೋರನ ಕೈಯಲ್ಲಿರುವ ಆ ಬೆಳಕಿನ ಕತ್ತಿ ‘ಹೂಂ’ ಅನ್ನುತ್ತದಲ್ಲ, ಅದರ ಅರ್ಧ ಭಾಗ ಹಳೆಯ ಸಿನಿಮಾ ಪ್ರೊಜೆಕ್ಟರಿನ ಮೋಟಾರು ಸುಮ್ಮನೆ ತಿರುಗುವ ಸದ್ದು. ಉಳಿದರ್ಧ, ಕವಚ ಹರಿದ ಮೈಕ್ ತಂತಿ ಟಿವಿಯ ಹಿಂಬದಿ ಹಾದುಹೋದಾಗ ಹುಟ್ಟಿದ ಗೊರಗೊರ. ಎರಡನ್ನೂ ಬೆರೆಸಿ ಸ್ಪೀಕರಿನಲ್ಲಿ ನುಡಿಸಿ, ಅದರೆದುರು ಇನ್ನೊಂದು ಮೈಕನ್ನು ಕತ್ತಿಯಂತೆ ಬೀಸಿದರಂತೆ. ಹಾಗಾಗಿ ಕತ್ತಿ ತಿರುಗಿದಾಗ ಸದ್ದೂ ತಿರುಗುತ್ತದೆ. ಬಂದೂಕಿನ ‘ಪ್ಯೂಂ’ ಸದ್ದು ಸಿಕ್ಕಿದ್ದು ರೇಡಿಯೊ ಗೋಪುರವನ್ನು ಬಿಗಿದಿಟ್ಟ ಉಕ್ಕಿನ ತಂತಿಗೆ ಸುತ್ತಿಗೆಯಲ್ಲಿ ಹೊಡೆದು. ನಿರ್ವಾತದಲ್ಲಿ ಸದ್ದೇ ಇರುವುದಿಲ್ಲ ಎಂದು ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಇಲ್ಲಿ ಕೈ ಎತ್ತಬಹುದು. ಎತ್ತಲಿ. ಈ ಚಿತ್ರದಲ್ಲಿ ವಿಜ್ಞಾನ ಹುಡುಕುವುದು ದೇವಸ್ಥಾನದಲ್ಲಿ ಮೆನು ಕಾರ್ಡ್ ಕೇಳಿದ ಹಾಗೆ.

ಕಥೆ ಸರಳ. ಮರಳುಗಾಡಿನಲ್ಲಿ ಚಿಕ್ಕಪ್ಪ, ಚಿಕ್ಕಮ್ಮನ ಮನೆಯಲ್ಲಿ ಬೆಳೆದ ಲೂಕ್ ಎಂಬ ಹುಡುಗ. ಸೆರೆಯಾದ ರಾಜಕುಮಾರಿ ಲೇಯಾ. ಗಡ್ಡದ ಗುರು ಒಬಿ-ವಾನ್. ಸಾಲ ಮಾಡಿಕೊಂಡ ಕಳ್ಳಸಾಗಣೆದಾರ ಹಾನ್ ಸೋಲೊ. ಜಗಳ ಮುಗಿಯದ ಎರಡು ಯಂತ್ರಗಳು. ಈ ಯಂತ್ರಗಳ ಮೂಲ ಕುರೊಸಾವಾ 1958ರಲ್ಲಿ ತೆಗೆದ ‘ದಿ ಹಿಡನ್ ಫೋರ್ಟ್ರೆಸ್’ ಚಿತ್ರದ ಇಬ್ಬರು ಆಸೆಬುರುಕ ರೈತರು. ಇವರೆಲ್ಲ ಸೇರಿ ಗ್ರಹವನ್ನೇ ಸುಟ್ಟುಬಿಡುವ ‘ಡೆತ್ ಸ್ಟಾರ್’ ಎಂಬ ಕೃತಕ ಚಂದ್ರನನ್ನು ಒಡೆಯುತ್ತಾರೆ. ಎರಡು ಮೀಟರ್ ಅಗಲದ ಒಂದು ಹೊಗೆಗಿಂಡಿಯೊಳಗೆ ಸರಿಯಾಗಿ ಗುರಿಯಿಟ್ಟರೆ ಇಡೀ ಸ್ಥಾವರ ಢಮಾರ್.

ಭಾವ ರಿಮೋಟ್ ತೆಗೆದುಕೊಂಡು ನಿಲ್ಲಿಸಿದರು. “ಅಷ್ಟು ದೊಡ್ಡ ಕಟ್ಟಡ. ಇಂಥ ತೂತು ಇಟ್ಟು ಪ್ಲಾನ್ ಪಾಸ್ ಮಾಡಿದ್ದು ಯಾರು?”

ಇದೇ ಪ್ರಶ್ನೆಯನ್ನು ಪ್ರೇಕ್ಷಕರು ಮೂವತ್ತೊಂಬತ್ತು ವರ್ಷ ಕೇಳಿದರು. ಉತ್ತರವಾಗಿ 2016ರಲ್ಲಿ ಒಂದು ಇಡೀ ಸಿನಿಮಾ ಬಂತು. ಅದೇ ‘ರೋಗ್ ಒನ್’. ಡೆತ್ ಸ್ಟಾರ್ ಕಟ್ಟಿದ ಸಾಮ್ರಾಜ್ಯದ ಒತ್ತಾಯಕ್ಕೆ ಸಿಕ್ಕಿ ದುಡಿದ ಎಂಜಿನಿಯರೊಬ್ಬ ಬೇಕೆಂದೇ ಆ ದೌರ್ಬಲ್ಯವನ್ನು ಒಳಗೆ ಅಡಗಿಸಿಟ್ಟಿದ್ದನಂತೆ. 1977ರ ಹಳದಿ ಅಕ್ಷರಗಳಲ್ಲಿ ಬಂಡುಕೋರರು ನಕ್ಷೆ ಕದ್ದರು ಎಂದು ಒಂದು ವಾಕ್ಯ ಹಾದುಹೋಗುತ್ತದೆ. ಆ ಕಳ್ಳತನವೇ ಈ ಚಿತ್ರ. ಕದ್ದವರು ಯಾರೂ ಉಳಿಯುವುದಿಲ್ಲ. ಇಡೀ ಸರಣಿಯಲ್ಲಿ ದೊಡ್ಡವರಿಗಾಗಿ ತೆಗೆದ ಚಿತ್ರ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಆಗಲೇ ನನಗೆ ಹೊಳೆದದ್ದು: ಈ ಸಾಗಾವನ್ನು ವಿವರಿಸುವುದು ಕಷ್ಟ ಯಾಕೆಂದರೆ, ಸಾಗಾ ಎಂಬುದೇ ಒಂದು ವಿವರಣೆ. ಮೊದಲ ಚಿತ್ರ ಒಂದು ಕಥೆ. ಮಿಕ್ಕವುಗಳಲ್ಲಿ ಬಹುಪಾಲು ಆ ಕಥೆಯ ಬಗ್ಗೆ ಯಾರೋ ಕೇಳಿದ ಪ್ರಶ್ನೆಗೆ ಉತ್ತರ. ನಮ್ಮಲ್ಲಿ ಜನಮೇಜಯ ಕೇಳುತ್ತಾನೆ, ವೈಶಂಪಾಯನ ಇನ್ನೊಂದು ಉಪಕಥೆ ಬಿಚ್ಚುತ್ತಾನೆ. ನೀವು ‘ಕ್ಲೋನ್ ಯುದ್ಧ’ದಲ್ಲಿ ಹೋರಾಡಿದಿರಾ ಎಂದು ಲೂಕ್ ಮಾತಿನ ನಡುವೆ ಕೇಳುತ್ತಾನೆ, ಒಬಿ-ವಾನ್ ಹೌದೆಂದು ಹೇಳಿ ಮುಂದೆ ಹೋಗುತ್ತಾನೆ. ಅದರಿಂದ ಎರಡನೇ ಭಾಗ, ಮೂರನೇ ಭಾಗ, ಮೇಲೆ ಒಂದು ಉದ್ದನೆಯ ಟಿವಿ ಸರಣಿ. ಹಾನ್ ಸೋಲೊ ಒಂದು ದಾರಿಯನ್ನು ಹನ್ನೆರಡು ಪಾರ್ಸೆಕ್‌ಗೂ ಕಡಿಮೆಯಲ್ಲಿ ಮುಗಿಸಿದೆ ಎಂದು ಕೊಚ್ಚಿಕೊಳ್ಳುತ್ತಾನೆ. ಪಾರ್ಸೆಕ್ ಎಂಬುದು 3.26 ಜ್ಯೋತಿರ್ವರ್ಷದ ದೂರ, ಕಾಲವಲ್ಲ. ಹೋಟೆಲಿನಲ್ಲಿ ಕೂತು ಗಿರಾಕಿಗೆ ಬುರುಡೆ ಬಿಡುವವನ ಮಾತು ಎಂದು ನಕ್ಕು ಬಿಡಬಹುದಿತ್ತು. ಬಿಡಲಿಲ್ಲ. 2018ರ ‘ಸೋಲೊ’ದಲ್ಲಿ ಅವನು ಅಡ್ಡದಾರಿ ಹಿಡಿದು ದೂರವನ್ನೇ ಕಡಿಮೆ ಮಾಡಿದ ಎಂದು ತೋರಿಸಿದರು. ಬುರುಡೆಗೆ ರಸೀದಿ ಸಿಕ್ಕಿತು, ನಗು ಹೋಯಿತು.

ಇದರಲ್ಲಿ ಮೊದಲ ಆರೋಪಿ ಸ್ವತಃ ಜಾರ್ಜ್ ಲೂಕಸ್. 1977ರಲ್ಲಿ ‘ಫೋರ್ಸ್’ ಎಂದರೇನು ಎಂದು ಹುಡುಗ ಕೇಳಿದಾಗ ಗುರು ಎರಡು ಮೂರು ವಾಕ್ಯದಲ್ಲಿ ಮುಗಿಸುತ್ತಾನೆ: ಎಲ್ಲ ಜೀವಿಗಳಲ್ಲೂ ಇದೆ, ಎಲ್ಲವನ್ನೂ ಹಿಡಿದಿಟ್ಟಿದೆ. ಸಾಕು. ಇಪ್ಪತ್ತೆರಡು ವರ್ಷದ ಮೇಲೆ, ಒಂದನೇ ಭಾಗದಲ್ಲಿ, ಅನಾಕಿನ್ ಎಂಬ ಬಾಲಕನ ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ರಕ್ತದಲ್ಲಿ ‘ಮಿಡಿಕ್ಲೋರಿಯನ್’ ಎಂಬ ಸೂಕ್ಷ್ಮಜೀವಿಗಳಿದ್ದಷ್ಟೂ ಫೋರ್ಸ್ ಜಾಸ್ತಿ. ಬಾಲಕನದು ಇಪ್ಪತ್ತು ಸಾವಿರ ಮೀರಿದೆ. ಜಗತ್ತಿನ ಅಭಿಮಾನಿಗಳೆಲ್ಲ ಇಲ್ಲಿ ತಲೆ ಚಚ್ಚಿಕೊಂಡರು. ಸಕ್ಕರೆ ಕಾಯಿಲೆಯ ಭಾವ ಮಾತ್ರ ಮೊದಲ ಬಾರಿಗೆ ಆಸಕ್ತಿಯಿಂದ ಮುಂದೆ ಬಾಗಿದರು. “ಖಾಲಿ ಹೊಟ್ಟೇಲಿ ತೆಗೆದದ್ದೋ, ಊಟ ಆದ್ಮೇಲೋ?”

ಎಲ್ಲ ವಿವರಣೆಯೂ ಕೆಟ್ಟದ್ದೆಂದು ನಾನು ಹೇಳಲಾರೆ. ಅಪ್ಪನ ವಿಷಯವನ್ನೇ ನೋಡಿ. ಮೊದಲ ಚಿತ್ರದಲ್ಲಿ ಗುರು ಹುಡುಗನಿಗೆ ಹೇಳುವುದು, ನಿನ್ನಪ್ಪನನ್ನು ಕೊಂದವನು ವೇಡರ್ ಎಂದು. ಎರಡನೆಯದರ ಮೊದಲ ಕರಡನ್ನು ಬರೆದವರು ಲೀ ಬ್ರ್ಯಾಕೆಟ್ ಎಂಬ ಲೇಖಕಿ. 1978ರ ಆ ಕರಡಿನಲ್ಲೂ ಲೂಕ್‌ನ ಅಪ್ಪ ಬೇರೆ, ವೇಡರ್ ಬೇರೆ. ಅಪ್ಪ ಪ್ರೇತವಾಗಿ ಬಂದು ಮಾತಾಡುತ್ತಾನೆ. ಬ್ರ್ಯಾಕೆಟ್ ಅದೇ ವರ್ಷ ತೀರಿಕೊಂಡರು. ಆಮೇಲೆ ಲೂಕಸ್ ತಾವೇ ತಿದ್ದಲು ಕೂತಾಗ ಇಬ್ಬರೂ ಒಬ್ಬನೇ ಆದರು. ಗುಟ್ಟು ಸೋರದಿರಲೆಂದು ಚಿತ್ರೀಕರಣದಲ್ಲಿ ಪ್ರೌಸ್‌ಗೆ ಸುಳ್ಳು ಮಾತು ಕೊಟ್ಟಿದ್ದರು. ನಿನ್ನಪ್ಪನನ್ನು ಕೊಂದವನು ಒಬಿ-ವಾನ್ ಎಂದು ಅವನು ಹೇಳಿದ. ಲೂಕ್ ಪಾತ್ರದ ಮಾರ್ಕ್ ಹ್ಯಾಮಿಲ್‌ಗೆ ನಿಜ ತಿಳಿಸಿದ್ದು ಆ ದೃಶ್ಯ ತೆಗೆಯುವ ಸ್ವಲ್ಪ ಮೊದಲು. ನಿಜವಾದ ಮಾತು ಸೇರಿದ್ದು ಡಬ್ಬಿಂಗ್ ಕೋಣೆಯಲ್ಲಿ, ಜೋನ್ಸ್ ದನಿಯಲ್ಲಿ.

ಇಷ್ಟೆಲ್ಲ ಕಾಪಾಡಿದ ಗುಟ್ಟನ್ನು ಇವತ್ತು ಟೀ ಶರ್ಟಿನ ಮೇಲೆ ಅಚ್ಚು ಹಾಕಿ ಮಾರುತ್ತಾರೆ. ಪೋರನಿಗೆ ಚಿತ್ರ ನೋಡುವ ಮೊದಲೇ ಗೊತ್ತಿತ್ತು. ಭಾವನಿಗೆ ಯಾರೂ ಹೇಳಿರಲಿಲ್ಲ, ಆದರೂ ಅವರು ಬೆಚ್ಚಲಿಲ್ಲ. “ಅಪ್ಪನ ವಿಚಾರ ಬಂದಾಗೆಲ್ಲ ಎಲ್ಲರೂ ಮಾತು ಮರೆಸ್ತಾ ಇದ್ರು. ಫೈಲು ಕಾಣೆ ಅಂದ್ರೆ ಯಾರದೋ ಡ್ರಾಯರಲ್ಲಿ ಇದೆ ಅಂತಲೇ ಅರ್ಥ.” ಮೂರನೆಯ ಚಿತ್ರದಲ್ಲಿ ಗುರುವಿನ ಪ್ರೇತ ಬಂದು, ತಾನು ಹೇಳಿದ್ದು ಒಂದು ದೃಷ್ಟಿಯಿಂದ ನಿಜವೇ ಎಂದು ಸಮಜಾಯಿಷಿ ಕೊಡುತ್ತಾನೆ. ಅಲ್ಲಿ ಭಾವ ಬಹಳ ಹೊತ್ತು ನಕ್ಕರು. ಅಂಥ ಉತ್ತರಗಳನ್ನು ಅವರು ವರ್ಷಗಟ್ಟಲೆ ಓದಿದ್ದಾರೆ.

ಲೇಯಾ ಲೂಕನ ಅವಳಿ ತಂಗಿ ಎಂದು ಅದೇ ಚಿತ್ರ ಪ್ರಕಟಿಸಿದಾಗ ಮಾತ್ರ ನಗಲಿಲ್ಲ. ಹಿಂದಿನ ಚಿತ್ರದಲ್ಲಿ ಅವಳು ಅವನಿಗೆ ತುಟಿಗೆ ಮುತ್ತಿಟ್ಟದ್ದು ಅವರಿಗೆ ನೆನಪಿತ್ತು. ಅಕ್ಕ ಅಡುಗೆಮನೆಯಿಂದ ಏನಾಯಿತೆಂದು ಕೇಳಿದಳು. ಏನೂ ಇಲ್ಲ ಎಂದೆವು.

ಹಣದ ಕಥೆ ಬೇಡವೆಂದುಕೊಂಡಿದ್ದೆ, ಆದರೆ ಭಾವನಿಗೆ ಹೇಳದೆ ಇರಲಾಗಲಿಲ್ಲ. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಜೊತೆಗಿನ ಒಪ್ಪಂದದಲ್ಲಿ ಲೂಕಸ್ ಹೆಚ್ಚಿನ ಸಂಬಳ ಕೇಳದೆ, ಮುಂದಿನ ಭಾಗಗಳ ಹಕ್ಕು ಮತ್ತು ಆಟಿಕೆ, ಅಂಗಿ, ಡಬ್ಬಿಗಳ ಹಕ್ಕನ್ನು ತಮ್ಮ ಹತ್ತಿರ ಇಟ್ಟುಕೊಂಡರು. ಸ್ಟುಡಿಯೊ ಸಂತೋಷದಿಂದ ಬಿಟ್ಟುಕೊಟ್ಟಿತು. ಚಿತ್ರ ಗೆದ್ದ ವರ್ಷ ಕ್ರಿಸ್‌ಮಸ್‌ಗೆ ಗೊಂಬೆಗಳು ತಯಾರಾಗಿರಲಿಲ್ಲ. ಕೆನ್ನರ್ ಕಂಪನಿ ಏನು ಮಾಡಿತು? ಖಾಲಿ ಡಬ್ಬಿ ಮಾರಿತು. ಗೊಂಬೆಗಳನ್ನು ಆಮೇಲೆ ಅಂಚೆಯಲ್ಲಿ ಕಳಿಸುತ್ತೇವೆ ಎಂಬ ಚೀಟಿ ಅದರಲ್ಲಿತ್ತು. 2012ರಲ್ಲಿ ಡಿಸ್ನಿ ಇಡೀ ಲೂಕಸ್‌ಫಿಲ್ಮ್ ಸಂಸ್ಥೆಯನ್ನು ಕೊಂಡದ್ದು ಸುಮಾರು 405 ಕೋಟಿ ಡಾಲರಿಗೆ. ಖಾಲಿ ಡಬ್ಬಿಯ ಸಂಗತಿ ಕೇಳಿ ಭಾವ ಎದ್ದು ನಿಂತರು. ಅವರು ಕೊನೆಗೂ ಪಕ್ಷ ವಹಿಸಿದ್ದು ಫೋರ್ಸ್ ಬಲ್ಲ ಜೆಡೈ ಯೋಧರದ್ದಲ್ಲ, ಸಾಮ್ರಾಜ್ಯದ್ದೂ ಅಲ್ಲ, ಲೂಕಸ್ ಅವರದ್ದು.

ಏಳರಿಂದ ಒಂಬತ್ತನ್ನು ಬೇಗ ದಾಟಿಸಿದೆ. ಎಂಟನೆಯದು ನಾಯಕಿಯ ಅಪ್ಪ ಅಮ್ಮ ಯಾರೂ ಅಲ್ಲದವರು ಎಂದು ಧೈರ್ಯವಾಗಿ ಹೇಳಿತು. ಒಂಬತ್ತನೆಯದು ಹೆದರಿ, ಆಕೆ ಚಕ್ರವರ್ತಿಯ ಮೊಮ್ಮಗಳು ಎಂದು ತಿದ್ದಿತು. ವಂಶವೃಕ್ಷಕ್ಕೆ ಸೇರದವರಿಗೆ ಆ ಆಕಾಶಗಂಗೆಯಲ್ಲೂ ಜಾಗ ಕಷ್ಟ.

ಭಾವ ಎಲ್ಲ ಆಕ್ಷೇಪಣೆಗಳನ್ನೂ ಒಂದು ಹಳೆಯ ಡೈರಿಯಲ್ಲಿ ಬರೆದಿಟ್ಟು, ಉತ್ತರ ಬಂದಂತೆ ಗೀಟು ಎಳೆಯುತ್ತಿದ್ದರು. ಕೊನೆಗೆ ಒಂದು ಉಳಿಯಿತು: ಎರಡಡಿ ಎತ್ತರದ, ಹಸಿರು ಮೈಯ, ಮೊಲದ ಕಿವಿಯ ಗುರು ಯೋಡಾ. ಫ್ರ್ಯಾಂಕ್ ಆಜ್ 1980ರಲ್ಲಿ ಕೈಯಿಂದ ಆಡಿಸಿ, ತಮ್ಮ ದನಿ ಕೊಟ್ಟು ಜೀವ ತುಂಬಿದ ಗೊಂಬೆ.

“ಇವನು ಯಾವ ಕಡೆಯೋನು? ಜಾತಿ ಯಾವುದು?”

ಹೇಳಿಲ್ಲ ಎಂದೆ. ರಕ್ತವನ್ನೂ ಪರೀಕ್ಷೆಗೆ ಕಳಿಸಿದ ಲೂಕಸ್, ಯೋಡಾನ ಕುಲ ಯಾವುದು, ನೆಲ ಯಾವುದು ಎಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ. ಒಂಬೈನೂರು ವರ್ಷ ಬದುಕಿ ತೀರಿಕೊಂಡ, ಅಷ್ಟೇ. 2019ರ ‘ದಿ ಮ್ಯಾಂಡಲೋರಿಯನ್’ ಸರಣಿಯಲ್ಲಿ ಅದೇ ಕುಲದ ಇನ್ನೊಂದು ಕೂಸು ತೊಟ್ಟಿಲಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಐವತ್ತು ವರ್ಷ. ಆಗಲೂ ಕುಲದ ಹೆಸರು ಹೇಳಲಿಲ್ಲ.

“ಐವತ್ತು ವರ್ಷಕ್ಕೆ ತೊಟ್ಟಿಲಾ?” ಭಾವ ಡೈರಿಯ ಅಂಚಿನಲ್ಲಿ ಏನೋ ಗುಣಿಸಿದರು. “ಹಾಗಾದ್ರೆ ನಿವೃತ್ತಿ ಎಷ್ಟಕ್ಕೆ? ಪಿಂಚಣಿ ಯಾವ ಸರ್ಕಾರ ಕೊಡೋದು, ಹಳೇದೋ ಹೊಸದೋ?” ಆ ಸಾಲಿಗೆ ಗೀಟು ಎಳೆಯದೆ ಪೆನ್ನಿನ ಮುಚ್ಚಳ ಹಾಕಿದರು. “ಇದು ಪೆಂಡಿಂಗ್ ಇರಲಿ. ಆ ಒಂದನೇ ಭಾಗ ಹಾಕು, ರಕ್ತದ ರಿಪೋರ್ಟ್ ಇನ್ನೊಂದ್ಸಲ ನೋಡ್ಬೇಕು.”