ಹನ್ನೊಂದನೆಯ ಟಿಕೆಟು

ಪರೀಕ್ಷೆ ಮುಗಿಸಿ ಬಂದ ಮಕ್ಕಳು ಚೀಲಗಳನ್ನು ಮೂಲೆಗೆ ಎಸೆದ ದಿನವೇ ನಮ್ಮ ಮನೆಯಲ್ಲಿ ಬೇಸಿಗೆ ಶುರು. ಇಷ್ಟು ವರ್ಷ ರಜೆಯೆಂದರೆ ನೆಂಟರ ಊರು, ಮಾವಿನ ಹಣ್ಣು, ಒಂದೆರಡು ಮದುವೆ. ಈ ಸಲ ಮಕ್ಕಳು ನಾಲ್ವರೂ ಒಂದೇ ಪಟ್ಟು ಹಿಡಿದರು: ವಂಡರ್‌ಲಾ.

ಬಿಡದಿಯ ಬಳಿ ಅದು ಆರಂಭವಾದದ್ದು 2005ರಲ್ಲಿ. ಅದರ ಒಡೆಯರು 2000ದಲ್ಲೇ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ತೆರೆದಿದ್ದರು. ನಾವಾದರೋ ಮೈಸೂರಿಗೆ ಹೋಗುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಮುಂದೆ ಸಾಗಿದವರೇ ಹೊರತು ಒಳಗೆ ತಿರುಗಿದವರಲ್ಲ.

ಒಂದು ಭಾನುವಾರ ಸಂಜೆ ಮೂರೂ ಮನೆಯವರು ಚಹಾ ಮುಂದಿಟ್ಟುಕೊಂಡು ಲೆಕ್ಕಕ್ಕೆ ಕೂತೆವು. ದಾವಣಗೆರೆಯಿಂದ ಬೆಂಗಳೂರಿಗೆ ರೈಲು, ರಾತ್ರಿ ಗೋರಿಪಾಳ್ಯದ ಖಾಲಾ ಮನೆ, ಬೆಳಿಗ್ಗೆ ಮೈಸೂರು ರಸ್ತೆಯ ಬಸ್ಸು. ಜನ ಕಡಿಮೆ ಇರಲೆಂದು ವಾರದ ನಡುವಿನ ದಿನ. ಬೆಳಿಗ್ಗೆ ದೊಡ್ಡ ಆಟಗಳು, ಬಿಸಿಲೇರಿದ ಮೇಲೆ ನೀರು, ನಡುವೆ ಜುಹರ್ ನಮಾಜಿಗೆ ಬಿಡುವು.

ಅಲ್ಲಿ ಮಕ್ಕಳ ಟಿಕೆಟಿಗೆ ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. ಅಣ್ಣನ ಮಗಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಟೇಪು ಹಿಡಿದೆವು. ಟಿಕೆಟು ಉಳಿಯಲೆಂದು ಅಣ್ಣ "ಸ್ವಲ್ಪ ಬಗ್ಗು" ಎನ್ನುತ್ತಾನೆ. ಕುಳ್ಳಗಿದ್ದರೆ ದೊಡ್ಡ ಆಟಗಳಿಗೆ ಬಿಡುವುದಿಲ್ಲವೆಂದು ಅವಳು ತುದಿಗಾಲಲ್ಲಿ ನಿಲ್ಲುತ್ತಾಳೆ! ಒಳಗಿನಿಂದ ಅಮ್ಮಿ ಗದರಿದರು, "ನೂರು ರೂಪಾಯಿಗೆ ಮಗುವಿಗೆ ಸುಳ್ಳು ಕಲಿಸ್ತೀಯೇನೋ?" ಅಣ್ಣ ಟೇಪು ಕೆಳಗಿಟ್ಟ.

ಹೆಂಗಸರ ಬಟ್ಟೆಯ ಮಾತು ಬಂತು. ನೀರಿನ ಕೊಳಗಳಲ್ಲಿ ಹತ್ತಿ ಬಟ್ಟೆಗೆ ಅವಕಾಶವಿಲ್ಲ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಅದರ ನೂಲೆಳೆಗಳು ನೀರು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತವೆ. ನೈಲಾನ್ ಆಗಬಹುದು. ಲೆಬನಾನ್ ಮೂಲದ ಅಹೆದಾ ಜನೆತ್ತಿ ಎಂಬ ಮಹಿಳೆ 2004ರಲ್ಲಿ ಆಸ್ಟ್ರೇಲಿಯಾದಲ್ಲಿ ಬುರ್ಕಿನಿ ರೂಪಿಸಿದ್ದನ್ನು ನಾವೂ ಓದಿದ್ದೆವು. ಹೊಲಿಗೆ ಬಲ್ಲ ಭಾಬಿ, "ಕೊಳ್ಳೋದ್ಯಾಕೆ, ನಾನೇ ಹೊಲೀತೀನಿ" ಎಂದರು. ಇಷ್ಟು ಕಾಲ ಎಲ್ಲಿ ನೀರು ಕಂಡರೂ ಚಪ್ಪಲಿ, ಚೀಲ, ಟವೆಲು ಕಾಯುತ್ತ ದಡದಲ್ಲೇ ಕೂತ ಹೆಂಗಸರು ಮೂವರೂ ಒಮ್ಮೆಲೇ ನಕ್ಕರು.

ಪುಸ್ತಕದಲ್ಲಿ ಹತ್ತು ಹೆಸರು ಬರೆದಾಯಿತು. "ನಾನ್ಯಾಕೆ? ಕೂತು ನೋಡೋಕೆ ಅಷ್ಟೊಂದು ದುಡ್ಡಾ? ಮನೆ ನೋಡ್ಕೊಂಡಿರ್ತೀನಿ. ಆ ದುಡ್ಡಲ್ಲಿ ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಿ" ಎಂದರು ಅಮ್ಮಿ. ನಿಜ ಹೇಳಬೇಕೆಂದರೆ, ನಮಗೆ ನಿರಾಳವೇ ಆಯಿತು. ಅಮ್ಮಿಯ ಮಂಡಿನೋವು, ನಡಿಗೆ, ಮಾತ್ರೆ – ಯಾವ ಚಿಂತೆಯೂ ಇಲ್ಲ. ಒಮ್ಮೆಯೂ ಬಲವಂತ ಮಾಡದೆ ಪುಸ್ತಕ ಮುಚ್ಚಿದೆವು.

ಮರುದಿನ ಭಾಬಿ ನೈಲಾನ್ ಬಟ್ಟೆ ಹರಡಿ ಕತ್ತರಿಸುತ್ತಿದ್ದಾಗ ಅಮ್ಮಿ ಬಂದು ಅದರ ಅಂಚು ಮುಟ್ಟಿ ನೋಡಿದರು. "ಇದು ನೀರಲ್ಲಿ ಭಾರ ಆಗಲ್ವಾ?" ಎಂದು ಕೇಳಿದರು. ಇಲ್ಲವೆಂದೆವು. ಆಮೇಲೆ ಹರಿಹರದ ತವರಿನ ಮಾತು ತೆಗೆದರು. ತುಂಗಭದ್ರೆಯಲ್ಲಿ ಅಣ್ಣಂದಿರ ಜೊತೆ ಈಜುತ್ತಿದ್ದರಂತೆ, ಅವರಿಗಿಂತ ಮುಂದೆ ಹೋಗುತ್ತಿದ್ದರಂತೆ. ಹನ್ನೊಂದು ತುಂಬಿದ ವರ್ಷ ಅವರ ಅಮ್ಮ, "ಇನ್ನು ಸಾಕು" ಎಂದರಂತೆ. "ಅಣ್ಣಂದಿರು ಹೋಗ್ತಾನೇ ಇದ್ರು. ನಾನು ಅವರ ಬಟ್ಟೆ ಕಾಯ್ತಾ ಕೂರ್ತಿದ್ದೆ."

ಅಮ್ಮಿಗೆ ಈಜು ಬರುತ್ತದೆ ಎಂಬುದು ಅವರ ಹೊಟ್ಟೆಯಲ್ಲಿ ಹುಟ್ಟಿದ ನಮಗೇ ಗೊತ್ತಿರಲಿಲ್ಲ. ನಾವೆಂದೂ ಕೇಳಿರಲಿಲ್ಲ. ಹಿರಿಯರು 'ಬೇಡ' ಎಂದಾಗ ನಮಗೆ ಅನುಕೂಲವಾಗಿದ್ದರೆ, ಅದನ್ನು ಎಷ್ಟು ಬೇಗ ಅವರ ಇಷ್ಟವೆಂದು ನಂಬಿಬಿಡುತ್ತೇವೆ!

ಭಾಬಿ ಮಾತಾಡದೆ ಟೇಪು ತೆಗೆದು ಅಮ್ಮಿಯ ಭುಜದ ಅಳತೆ ಹಿಡಿದರು. ಅಮ್ಮಿ ಬೈದರು, ನಾಚಿದರು, ಆದರೆ ಕೈ ಮಾತ್ರ ಚಾಚಿಯೇ ನಿಂತಿದ್ದರು. ಬಟ್ಟೆ ಸಾಲದು, ಮತ್ತೆ ಅಂಗಡಿಗೆ ಹೋಗಬೇಕು. ಹಿರಿಯರಿಗೆ ಟಿಕೆಟಿನಲ್ಲಿ ರಿಯಾಯಿತಿಯಿದೆಯೇ ವಿಚಾರಿಸಬೇಕು. ಇಲ್ಲದಿದ್ದರೂ ಚಿಂತೆಯಿಲ್ಲ, ಹನ್ನೊಂದನೆಯ ಹೆಸರನ್ನು ಪಟ್ಟಿಯ ಮೇಲ್ತುದಿಯಲ್ಲೇ ಬರೆದಿದ್ದೇವೆ.