ಮರಳಿ ಬಂದ ದನಿಗಳು

ಹಾಡನ್ನು ಕೂಡಿಡುವ ಹವ್ಯಾಸ ನಮ್ಮ ನಾಡಿಗೆ ಹೊಸದಲ್ಲ. ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಅದು ಬಹುಮಟ್ಟಿಗೆ ಉಳ್ಳವರ ಹವ್ಯಾಸವಾಗಿತ್ತು. 1963ರಲ್ಲಿ ಕ್ಯಾಸೆಟ್ ಎಂಬ ಚಿಕ್ಕ ಡಬ್ಬಿ ಯುರೋಪಿನಲ್ಲಿ ಹುಟ್ಟಿ, ಮುಂದಿನ ಎರಡು ದಶಕಗಳಲ್ಲಿ ನಮ್ಮ ಊರುಗಳಿಗೂ ಬಂದ ಮೇಲೆ ಅದು ಸಾಮಾನ್ಯ ಸಂಬಳದಾರನ ಕೈಗೂ ಎಟಕಿತು. ಈಗಲಾದರೋ ಸಾವಿರಾರು ಗಂಟೆಗಳ ಸಂಗೀತ ಅಂಗೈಯಗಲದ ಪೆಟ್ಟಿಗೆಯೊಂದರಲ್ಲಿ ಅಡಗಿ ಕುಳಿತಿರುತ್ತದೆ. ಕೂಡಿಡುವುದು ಎಷ್ಟು ಸುಲಭವಾಗಿದೆಯೋ ಕಳೆದುಹೋಗುವುದೂ ಅಷ್ಟೇ ಸುಲಭವಾಗಿದೆ. ಈ ವಿಷಯದಲ್ಲಿ ನಮ್ಮ ಮನೆಯ ಅನುಭವವನ್ನು ವಾಚಕರ ಮುಂದಿಡುವುದಕ್ಕೆ ನನ್ನದೊಂದು ಸ್ವಾರ್ಥವೂ ಉಂಟು. ಅದನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

ನಮ್ಮ ತಂದೆಯವರು ಈ ಶಾಲೆಯಲ್ಲಿಯೇ ಗಣಿತವನ್ನು ಬೋಧಿಸುತ್ತಿದ್ದರು. 1974ರಲ್ಲಿ ಅವರು ಒಂದು ಟೇಪ್ ರೆಕಾರ್ಡರನ್ನು ಕೊಂಡು ತಂದರು. 1950ರಲ್ಲಿ ಆರಂಭವಾದ ಆಕಾಶವಾಣಿಯ ಧಾರವಾಡ ಕೇಂದ್ರವೇ ಆಗ ನಮ್ಮ ಮನೆಯ ಸಂಗೀತ ಪಾಠಶಾಲೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಇವರ ಗಾಯನವಿರುವ ರಾತ್ರಿ ರೇಡಿಯೋದ ಎದುರಿಗೆ ಯಂತ್ರವನ್ನಿಟ್ಟು ಕುಳಿತರೆಂದರೆ ಮಕ್ಕಳಾದ ನಮಗೆ ಕೆಮ್ಮುವುದಕ್ಕೂ ಅಪ್ಪಣೆ ಇರಲಿಲ್ಲ. ಪ್ರತಿಯೊಂದು ಟೇಪಿನ ಆರಂಭದಲ್ಲಿ ತಾವೇ ತಾರೀಖು, ಸ್ಥಳ, ಗಾಯಕರ ಹೆಸರು, ರಾಗ ಇವನ್ನು ಸ್ಪಷ್ಟವಾಗಿ ಉಚ್ಚರಿಸುತ್ತಿದ್ದರು. ಬಳಿಕ ಅದನ್ನೇ ಒಂದು ದಪ್ಪ ರಜಿಸ್ಟರಿನಲ್ಲಿ ಅನುಕ್ರಮ ಸಂಖ್ಯೆಯೊಡನೆ ಬರೆದಿಡುತ್ತಿದ್ದರು. ತಬಲಾ ಸಾಥಿ ಯಾರು, ಹಾರ್ಮೋನಿಯಂ ಯಾರು ಎಂಬುದೂ ಅದರಲ್ಲಿರುತ್ತಿತ್ತು. ಗಣಿತದ ಮೇಷ್ಟ್ರ ಶಿಸ್ತು ಅದು. 1996ರಲ್ಲಿ ಅವರು ತೀರಿಕೊಂಡಾಗ ನಮ್ಮ ಪಾಲಿಗೆ ಉಳಿದವು 320 ಕ್ಯಾಸೆಟ್ಟುಗಳು ಮತ್ತು ಆ ರಜಿಸ್ಟರು.

ಹತ್ತು ವರ್ಷಗಳ ತರುವಾಯ ಅವುಗಳನ್ನು ಕಂಪ್ಯೂಟರಿಗೆ ವರ್ಗಾಯಿಸುವ ಕೆಲಸಕ್ಕೆ ತೊಡಗಿದೆನು. ಕೆಲವು ಟೇಪುಗಳಿಗೆ ಬಿಳಿಯ ಬೂಷ್ಟು ಹಿಡಿದಿತ್ತು. ಕೆಲವರಲ್ಲಿ ಟೇಪನ್ನು ಒತ್ತಿ ಹಿಡಿಯುವ ಚಿಕ್ಕ ಮೆತ್ತೆ ಉದುರಿಹೋಗಿತ್ತು. ಪ್ರತಿ ಐದಾರು ಕ್ಯಾಸೆಟ್ಟುಗಳಿಗೊಮ್ಮೆ ಯಂತ್ರದ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕಾಗುತ್ತಿತ್ತು. ಈ ಕೆಲಸಕ್ಕೆ ಅವಸರ ಸಲ್ಲದು. ಒಂದು ಗಂಟೆಯ ಗಾಯನವನ್ನು ವರ್ಗಾಯಿಸಲು ಒಂದು ಗಂಟೆಯೇ ಬೇಕು. ದಿನಕ್ಕೊಂದರಂತೆ, ರಜೆ ಹಬ್ಬಗಳನ್ನು ಕಳೆದು, ಹದಿನಾಲ್ಕು ತಿಂಗಳು ಹಿಡಿಯಿತು.

ಕಂಪ್ಯೂಟರ್ ದನಿಯನ್ನು ಅಂಕಿಗಳಾಗಿ ಬರೆದುಕೊಳ್ಳುವ ಬಗೆ ಸ್ವಾರಸ್ಯಕರವಾದುದು. ಸಿ.ಡಿ.ಯ ಮಾನದಂಡದಂತೆ ಪ್ರತಿ ಸೆಕೆಂಡಿಗೆ 44,100 ಸಲ ದನಿಯ ಅಲೆಯನ್ನು ಅಳೆದು ಅಷ್ಟೂ ಅಳತೆಗಳನ್ನು ಬರೆದಿಡಲಾಗುತ್ತದೆ. ಎಡ ಬಲ ಎರಡೂ ಕಿವಿಗಳ ಲೆಕ್ಕ ಹಿಡಿದರೆ ಒಂದು ನಿಮಿಷಕ್ಕೆ ಸುಮಾರು 10 ಮೆಗಾಬೈಟು, ಒಂದು ಕ್ಯಾಸೆಟ್ಟಿಗೆ ಸುಮಾರು 600. ಇದನ್ನು ಚಿಕ್ಕದು ಮಾಡಲು ಎರಡು ಮಾರ್ಗಗಳುಂಟು. ಎಂ.ಪಿ.3 ಎಂಬುದು ಕಿವಿಗೆ ಅಷ್ಟಾಗಿ ತಿಳಿಯದೆಂದು ಬಗೆದ ಭಾಗವನ್ನು ಬಿಟ್ಟೇಬಿಡುತ್ತದೆ. ಬಿಟ್ಟದ್ದು ಮರಳಿ ಬಾರದು. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ವಿಧಾನ ಏನನ್ನೂ ಬಿಡದೆ, ಹಾಸಿಗೆಯನ್ನು ಸುತ್ತಿಟ್ಟಂತೆ ಒತ್ತಾಗಿ ಮಡಿಸಿಡುತ್ತದೆ. ಗಾತ್ರ ಅರ್ಧಕ್ಕಿಂತ ಕೊಂಚ ಹೆಚ್ಚು ಉಳಿಯುತ್ತದೆ. ದಾರಿಯಲ್ಲಿ ಕೇಳುವುದಕ್ಕೆ ಎಂ.ಪಿ.3 ಧಾರಾಳವಾಗಿ ಸಾಕು. ಆದರೆ ಕಾಪಾಡಿ ಇಡಬೇಕಾದ ಮೂಲಪ್ರತಿಗೆ ನಾನು ಫ್ಲ್ಯಾಕನ್ನೇ ಆರಿಸಿಕೊಂಡೆನು. ಅದರಲ್ಲಿ ಇನ್ನೊಂದು ಗುಣವಿದೆ: ಪ್ರತಿಯೊಂದು ಕಡತವೂ ತನ್ನೊಳಗಿನ ದನಿಯ ಹೆಬ್ಬೆಟ್ಟಿನ ಗುರುತಿನಂತಹ ಒಂದು ಸಂಖ್ಯೆಯನ್ನು ತಲೆಬರಹದಲ್ಲಿಯೇ ಹೊತ್ತಿರುತ್ತದೆ. ಎಷ್ಟು ವರ್ಷಗಳ ಮೇಲೆ ಬೇಕಾದರೂ ದನಿಯನ್ನು ಬಿಚ್ಚಿ, ಗುರುತನ್ನು ಹೊಸದಾಗಿ ಲೆಕ್ಕಹಾಕಿ, ಎರಡೂ ಕೂಡುತ್ತವೆಯೇ ಎಂದು ತಾಳೆ ನೋಡಬಹುದು.

ಇನ್ನು ಪ್ರತಿಗಳ ಮಾತು. ಬಲ್ಲವರು ಹೇಳುವ ಸೂತ್ರವೊಂದಿದೆ: ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಮನೆಯ ಹೊರಗೆ. ಬಗೆಯ ಮಾತಿನಲ್ಲಿ ನಾನು ಅಷ್ಟು ನಿಷ್ಠುರನಲ್ಲ. ಸ್ಥಳದ ಮಾತಿನಲ್ಲಿ ಮಾತ್ರ ನಿಷ್ಠುರನೇ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಕಪಾಟಿನಲ್ಲಿಟ್ಟ ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ಬೆಳಗಾವಿಯಲ್ಲಿರುವ ತಂಗಿಯ ಮನೆಯಲ್ಲಿ. ದೀಪಾವಳಿಗೆ ತಂಗಿ ತವರಿಗೆ ಬರುವಾಗ ಡಿಸ್ಕೂ ಬರುತ್ತದೆ, ಹೊಸ ಸೇರ್ಪಡೆಗಳನ್ನು ತುಂಬಿಕೊಂಡು ಅವಳೊಡನೆಯೇ ಮರಳುತ್ತದೆ. ಎರಡು ಡಿಸ್ಕುಗಳನ್ನು ಒಂದೇ ಯಂತ್ರದೊಳಗೆ ಜೋಡಿಸಿ, ಒಂದರಲ್ಲಿ ಬರೆದದ್ದು ತಕ್ಷಣ ಇನ್ನೊಂದರಲ್ಲಿಯೂ ಮೂಡುವಂತೆ ಮಾಡುವವರೂ ಇದ್ದಾರೆ. ಅದು ಕನ್ನಡಿ, ಪ್ರತಿಯಲ್ಲ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಸಿಹೋಗುತ್ತದೆ.

ದೊಡ್ಡ ಸಂಸ್ಥೆಗಳಿರುವಾಗ ಮನೆಯವರಿಗೇಕೆ ಈ ತಾಪತ್ರಯ ಎಂದು ಕೇಳುವವರುಂಟು. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು ಸಂಗೀತದ ಮೂಲ ಟೇಪುಗಳಿದ್ದ ಉಗ್ರಾಣ ಸುಟ್ಟಿತು. ಹಾನಿಯ ಪ್ರಮಾಣದ ಚರ್ಚೆ ಲೋಕದ ಮುಂದೆ ಬಂದದ್ದು 2019ರಲ್ಲಿ. ಅದೇ 2019ರಲ್ಲಿ ಮೈಸ್ಪೇಸ್ ಎಂಬ ತಾಣವು, ತನ್ನ ಯಂತ್ರಗಳನ್ನು ಬದಲಿಸುವಾಗ ಹನ್ನೆರಡು ವರ್ಷಗಳ ಕಾಲ ಜನರು ಒಪ್ಪಿಸಿದ್ದ ಹಾಡುಗಳು ನಷ್ಟವಾದುವೆಂದು ಒಪ್ಪಿಕೊಂಡಿತು. ಅಲ್ಲಿ ಬೆಂಕಿಯೂ ಬೇಕಾಗಲಿಲ್ಲ.

ನಮ್ಮ ಮನೆಯ ಪ್ರಸಂಗ ನಡೆದದ್ದು 2022ರ ಮಳೆಗಾಲದಲ್ಲಿ. ಕಂಪ್ಯೂಟರಿನೊಳಗಿನ ಡಿಸ್ಕು ಎರಡು ದಿನ ಟಿಕ್ ಟಿಕ್ ಎಂದು ಸದ್ದು ಮಾಡಿ ಮೂರನೆಯ ದಿನ ಮೌನವಾಯಿತು. ಹೊಸ ಯಂತ್ರ ಬಂದ ಮೇಲೆ ಕಪಾಟಿನ ಡಿಸ್ಕಿನಿಂದ ಎಲ್ಲವನ್ನೂ ಮರಳಿ ತುಂಬಲು ಹಿಡಿದದ್ದು ಒಂದು ಗಂಟೆಯ ಮೇಲೆ ಕೆಲವು ನಿಮಿಷ. ಹದಿನಾಲ್ಕು ತಿಂಗಳ ದುಡಿಮೆ ಒಂದು ಗಂಟೆಯಲ್ಲಿ ಮರಳಿತೆಂದು ಮನೆಯವರೆಲ್ಲ ಹಿಗ್ಗಿದರು. ಹೆಬ್ಬೆಟ್ಟಿನ ಗುರುತುಗಳನ್ನು ತಾಳೆ ನೋಡಿದಾಗ ಮಾತ್ರ ಮೂರು ಕಡತಗಳು ಕೂಡಲಿಲ್ಲ. ಆ ಡಿಸ್ಕಿನ ತಟ್ಟೆಯ ಮೇಲೆ ಓದಲಾಗದ ಸ್ಥಳಗಳು ಉಂಟಾಗಿದ್ದವು.

ಮೂರರಲ್ಲಿ ಒಂದು ಮನಸೂರರ ರೇಡಿಯೋ ಗಾಯನ, ಒಂದು ಊರಿನ ಭಜನೆ. ಮೂರನೆಯದು 1977ರಲ್ಲಿ ತಂದೆಯವರು ನಮ್ಮ ತಾಯಿಯವರಿಗೆ ತಿಳಿಯದಂತೆ ಹಿಡಿದಿಟ್ಟ ಬೀಸುವ ಪದ. ಬೀಸುಕಲ್ಲಿನ ಸದ್ದೇ ಅದರಲ್ಲಿ ಮೇಲು. ಅದರ ಅಡಿಯಲ್ಲಿ ತಾಯಿಯ ದನಿ ಏಳುತ್ತದೆ, ಇಳಿಯುತ್ತದೆ. ಅವರು ತೀರಿಕೊಂಡು 34 ವರ್ಷಗಳಾಗಿದ್ದವು. ಮೂಲ ಕ್ಯಾಸೆಟ್ಟಿನ ಟೇಪಾದರೋ ವರ್ಗಾಯಿಸುವಾಗಲೇ ಪುಡಿಪುಡಿಯಾಗಿ ಉದುರುತ್ತಿತ್ತು. ತಂಗಿಯ ಮಗ ಬೆಳಗಾವಿಯಿಂದ ಬಸ್ಸು ಹಿಡಿದು ಡಿಸ್ಕು ತರುವವರೆಗೆ ಮೂರು ದಿನ ಕಳೆದವು. ಆ ಮೂರು ದಿನಗಳಲ್ಲಿ ನನಗೆ ಊಟ ರುಚಿಸಲಿಲ್ಲವೆಂದರೆ ಅತಿಶಯೋಕ್ತಿಯಲ್ಲ. ಅವನ ಡಿಸ್ಕಿನಲ್ಲಿ ಮೂರೂ ಕಡತಗಳು ಸುರಕ್ಷಿತವಾಗಿದ್ದವು, ಗುರುತುಗಳು ಕೂಡಿದವು.

ದನಿ ಬಂದಿತು, ಹೆಸರುಗಳು ಬಂದಿರಲಿಲ್ಲ. ಕಡತಗಳಿಗೆ ಸಂಖ್ಯೆಯನ್ನಷ್ಟೇ ಕೊಟ್ಟು ವಿವರಗಳನ್ನು ಬೇರೊಂದು ಪಟ್ಟಿಯಲ್ಲಿ ಆಗ ಬಳಕೆಯಲ್ಲಿದ್ದ ಕನ್ನಡ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಲಾಗಿತ್ತು. ಅಂದಿನ ಅಂತಹ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿದ್ದವು. ಯುನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಮನೆಮನೆಯ ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಹೊಸ ಯಂತ್ರದಲ್ಲಿ ಆ ಪಟ್ಟಿಯನ್ನು ತೆರೆದರೆ ಕಂಡದ್ದು ಯಾವ ಭಾಷೆಯೂ ಅಲ್ಲದ ಚಿಹ್ನೆಗಳ ಸಾಲು. ಪರಿವರ್ತಿಸುವ ಸಾಧನದಿಂದ ಹೆಚ್ಚಿನ ಭಾಗ ಸರಿಹೋಯಿತು. ಆದರೆ ಒತ್ತಕ್ಷರ, ಅರ್ಕಾವತ್ತುಗಳ ಎಡೆಯಲ್ಲಿ ಹೆಸರುಗಳು ಗುರುತು ಸಿಗದಂತೆ ಮುರಿದಿದ್ದವು. ಆಗ ಹೊರಬಂದದ್ದು ತಂದೆಯವರ ರಜಿಸ್ಟರು. ಅದನ್ನು ತೆರೆಯಲು ಯಾವ ತಂತ್ರಾಂಶವೂ ಬೇಕಾಗಲಿಲ್ಲ. ಈಗ ಹೆಸರುಗಳನ್ನು ಯುನಿಕೋಡಿನಲ್ಲಿ ಕಡತಗಳ ಒಳಗೇ ಬರೆದಿದ್ದೇನೆ. ರಜಿಸ್ಟರಿನ ಪುಟಗಳ ಛಾಯಾಚಿತ್ರಗಳನ್ನೂ ಮೂರೂ ಕಡೆ ಇರಿಸಿದ್ದೇನೆ.

ಆರಂಭದಲ್ಲಿ ಹೇಳಿದ ಸ್ವಾರ್ಥದ ಮಾತಿಗೆ ಬರುತ್ತೇನೆ. ರಜಿಸ್ಟರಿನ 203ನೆಯ ಸಂಖ್ಯೆ 1979ರ ನಮ್ಮ ಶಾಲೆಯ ಸ್ನೇಹಸಮ್ಮೇಳನ. ಎರಡನೆಯ ಮಗ್ಗುಲಲ್ಲಿ ಒಬ್ಬ ಹುಡುಗ ಭೈರವಿಯಲ್ಲಿ ವಚನವೊಂದನ್ನು ಹಾಡಿದ್ದಾನೆ. ದನಿ ಇನ್ನೂ ಒಡೆದಿಲ್ಲ, ಆದರೆ ಶ್ರುತಿ ಕದಲುವುದಿಲ್ಲ. ಹಾಡು ಮುಗಿದ ಮೇಲೆ ಸಭೆ ಕ್ಷಣಕಾಲ ಚಪ್ಪಾಳೆಯನ್ನೇ ಮರೆತಿದೆ. ತಂದೆಯವರ ದನಿ, “ಎಂಟನೆಯ ಇಯತ್ತೆಯ ವಿದ್ಯಾರ್ಥಿ,” ಎಂದು ಹೇಳುತ್ತದೆ. ಅಷ್ಟರಲ್ಲಿ ಧ್ವನಿವರ್ಧಕ ಸಿಳ್ಳಿಟ್ಟು ಹೆಸರನ್ನು ನುಂಗಿಬಿಟ್ಟಿದೆ. ರಜಿಸ್ಟರಿನಲ್ಲಿ ಆ ಸಾಲಿನ ಎದುರಿಗೆ, “ಹುಡುಗನ ಹೆಸರು ಕೇಳಬೇಕು,” ಎಂದಷ್ಟೇ ಇದೆ. ಅಂದು ಸಭೆಯಲ್ಲಿದ್ದ ಗುರುಗಳು, ಸಹಪಾಠಿಗಳು ಈ ಸಂಚಿಕೆಯ ವಾಚಕರಲ್ಲಿ ಇದ್ದೇ ಇರುತ್ತಾರೆ. ಬಲ್ಲವರು ದಯವಿಟ್ಟು ಶಾಲೆಯ ಕಚೇರಿಗೆ ತಿಳಿಸಬೇಕು. ಶಾಲೆಯಲ್ಲಿ ಮುದ್ರಿಸಿಕೊಂಡ ಹನ್ನೊಂದು ಟೇಪುಗಳ ಪ್ರತಿಯನ್ನು ಗ್ರಂಥಾಲಯಕ್ಕೆ ಈಗಾಗಲೇ ಒಪ್ಪಿಸಿದ್ದೇನೆ. 203ರ ಪ್ರತಿಯೊಂದನ್ನು ಆ ಗಾಯಕರಿಗೆ, ಅಥವಾ ಅವರ ಮನೆಯವರಿಗೆ, ತಲುಪಿಸಲು ಬೇರೆಯಾಗಿ ಇರಿಸಿದ್ದೇನೆ.