ಯಾರು ಮಾಡಿದ್ದೆಂದು ಕೇಳುವ ಮೊದಲು

ನಿವೃತ್ತಿಯ ಬಳಿಕ ನನಗೆ ಒದಗಿಬಂದ ಉಪವೃತ್ತಿಯೆಂದರೆ ನೆರೆಹೊರೆಯವರ ಕಂಪ್ಯೂಟರುಗಳಿಗೆ ಮದ್ದು ಮಾಡುವುದು. ಇಂಜಿನಿಯರಿಂಗ್ ಓದಿದವನು ನಾನಲ್ಲ, ಬಿ.ಎಡ್. ಮುಗಿಸಿ ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟವನು. ಆದರೂ "ಮಾಷ್ಟ್ರೇ, ಇದು ಸ್ಟಾರ್ಟೇ ಆಗ್ತಾ ಇಲ್ಲ, ಒಮ್ಮೆ ನೋಡ್ತೀರಾ?" ಎಂದು ಯಾರಾದರೂ ಚೀಲ ಹಿಡಿದು ಜಗಲಿ ಹತ್ತಿದರೆ ಇಲ್ಲವೆನ್ನಲು ಮನಸ್ಸು ಬಾರದು. ಹಾಗೆ ಬಂದವರ ಎರಡನೆಯ ಮಾತು ಬಹುಮಟ್ಟಿಗೆ ಒಂದೇ ಬಗೆಯದು: "ಮಗ ಎಂತದೋ ಒತ್ತಿದ್ದಾನೆ", "ಮೊಮ್ಮಗಳು ಎಂತದೋ ಮಾಡಿ ಹಾಕಿದ್ದಾಳೆ." ಆ ಮಾತು ಕಿವಿಗೆ ಬಿದ್ದಾಗಲೆಲ್ಲ 2013ರ ಮಳೆಗಾಲದ ಒಂದು ವಾರ ನೆನಪಾಗುತ್ತದೆ. ಇದುವರೆಗೆ ಬರೆಯಲು ಹಿಂಜರಿದ ಆ ಸಂಗತಿಯನ್ನು ಇಂದು ಬರೆಯುತ್ತಿದ್ದೇನೆ.

ಮೊದಲು ಲಿನಕ್ಸ್ ನನ್ನ ಬದುಕಿಗೆ ಬಂದ ಬಗೆಯನ್ನು ಹೇಳಬೇಕು. 2011ರ ಸುಮಾರಿಗೆ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನದ ಅಡಿಯಲ್ಲಿ 'ವಿಷಯ ಶಿಕ್ಷಕರ ವೇದಿಕೆ' ಎಂಬ ಕಾರ್ಯಕ್ರಮ ಆರಂಭವಾಯಿತು. ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರಿಗೆ ಕಂಪ್ಯೂಟರ್ ಬಳಕೆಯನ್ನು ಕಲಿಸುವ ಈ ಯೋಜನೆಯಲ್ಲಿ ಶಿಕ್ಷಣ ಇಲಾಖೆಯೊಂದಿಗೆ ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆಯೂ ಕೈಜೋಡಿಸಿತ್ತು. ತರಬೇತಿಗೆ ಹೋದಾಗ ನನಗಾಗಲೇ ಐವತ್ತು ದಾಟಿತ್ತು. ಅಲ್ಲಿ ಕಂಡದ್ದು ಉಬುಂಟು ಎಂಬ ಲಿನಕ್ಸ್ ಪ್ರಭೇದ. ಜೊತೆಗೆ ರೇಖಾಗಣಿತಕ್ಕೆ ಜಿಯೋಜೀಬ್ರಾ. ವೃತ್ತದ ಮೇಲಿನ ಬಿಂದುವನ್ನು ಮೌಸಿನಿಂದ ಎಳೆದಾಗ ಅರ್ಧವೃತ್ತದ ಕೋನ 90 ಡಿಗ್ರಿಯಲ್ಲೇ ನಿಂತಿದ್ದುದನ್ನು ನೋಡಿ, ಇಷ್ಟು ವರ್ಷ ಸೀಮೆಸುಣ್ಣ ಸವೆಸಿದ್ದು ವ್ಯರ್ಥವಾಯಿತೇ ಎನಿಸಿದ್ದುಂಟು.

ಈ ತಂತ್ರಾಂಶದ ಹಿಂದಿನ ಕಥೆಯೂ ನನಗೆ ಹಿಡಿಸಿತು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಅಡಿಪಾಯ ಹಾಕಿದರು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಯುನಿಕ್ಸ್ ಮಾದರಿಯ ವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿ ಅದಕ್ಕೆ 'ಗ್ನೂ' ಎಂದು ಹೆಸರಿಟ್ಟರು. 1991ರಲ್ಲಿ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದ ತಿರುಳು ಅದರೊಡನೆ ಸೇರಿ ಇಂದಿನ ಲಿನಕ್ಸ್ ಆಯಿತು. ಒಬ್ಬ ವಿದ್ಯಾರ್ಥಿ ತನ್ನ ಕೆಲಸವನ್ನು ಲೋಕದ ಮುಂದಿಟ್ಟು 'ತಪ್ಪಿದ್ದರೆ ತಿದ್ದಿ' ಎಂದದ್ದು ಶಿಕ್ಷಕನಾದ ನನಗೆ ಬಹಳ ದೊಡ್ಡದಾಗಿ ಕಂಡಿತು. ಅದರಲ್ಲಿ ಕನ್ನಡ ಬರೆಯುವಾಗ ಸಿಕ್ಕ ಕೀಲಿಮಣೆಯ ವಿನ್ಯಾಸವಂತೂ ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್ ಅವರದು! ಅಲ್ಪಪ್ರಾಣದ ಕೀಲಿಯನ್ನೇ ಶಿಫ್ಟ್ ಸಹಿತ ಒತ್ತಿದರೆ ಮಹಾಪ್ರಾಣ ಮೂಡುವ ಅದರ ಸರಳ ತರ್ಕವನ್ನು ಗಣಿತದವನು ಮೆಚ್ಚದಿರಲಾರ.

ಶಾಲೆಗೆ ಮರಳಿದವನೇ ನಮ್ಮ ಪ್ರಯೋಗಾಲಯದ ಹಳೆಯ ಕಂಪ್ಯೂಟರುಗಳಲ್ಲಿ ಉಬುಂಟು 12.04 ಆವೃತ್ತಿಯನ್ನು ಸ್ಥಾಪಿಸಿದೆ. ಆ ಆವೃತ್ತಿಗೆ ಅದರ ಕರ್ತೃಗಳು ಇಟ್ಟಿದ್ದ ಅಡ್ಡಹೆಸರು ಪ್ಯಾಂಗೋಲಿನ್, ಅಂದರೆ ನಮ್ಮ ಚಿಪ್ಪುಹಂದಿ. ಪಶ್ಚಿಮ ಘಟ್ಟದ ತಪ್ಪಲಿನ ಮಕ್ಕಳಿಗೆ ಅದನ್ನು ಹೇಳಿದಾಗ ತರಗತಿಯೆಲ್ಲ ನಕ್ಕಿತು.

ಪ್ರತಿ ಕಂಪ್ಯೂಟರಿನಲ್ಲೂ ಎರಡು ಖಾತೆಗಳನ್ನು ತೆರೆದೆ. ಒಂದು ವಿದ್ಯಾರ್ಥಿಗಳದು, ಇನ್ನೊಂದು ಶಿಕ್ಷಕರದು. ಯುನಿಕ್ಸ್ ಮನೆತನದಲ್ಲಿ ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯನಿರುತ್ತಾನೆ. ಓದುವ ಹಕ್ಕಿಗೆ 4, ಬರೆಯುವ ಹಕ್ಕಿಗೆ 2, ನಡೆಸುವ ಹಕ್ಕಿಗೆ 1 ಎಂದು ಬೆಲೆ ಕಟ್ಟಿ, ಒಡೆಯನಿಗೆ, ಅವನ ಗುಂಪಿಗೆ, ಉಳಿದವರಿಗೆ ಎಂದು ಮೂರು ಅಂಕಿಗಳಲ್ಲಿ ಹಕ್ಕುಗಳನ್ನು ಬರೆಯುತ್ತಾರೆ. 644 ಎಂದರೆ ಒಡೆಯ ಓದಿ ಬರೆಯಬಹುದು, ಉಳಿದವರು ಓದಬಹುದು ಅಷ್ಟೆ. ಇವರೆಲ್ಲರ ಮೇಲೆ 'ರೂಟ್' ಎಂಬ ಸರ್ವಾಧಿಕಾರಿ. ಶಿಕ್ಷಕರ ಖಾತೆಯವನು ಬೇಕಾದಾಗ 'ಸುಡೋ' ಎಂಬ ಪದವನ್ನು ಮುಂದಿಟ್ಟು ಗುಪ್ತಪದ ಕೊಟ್ಟರೆ ಆ ಅಧಿಕಾರ ಒಂದು ಕ್ಷಣಕ್ಕೆ ಅವನ ಕೈಗೆ ಬರುತ್ತದೆ. ಮುಖ್ಯೋಪಾಧ್ಯಾಯರ ಬೀಗದ ಕೈಗೊಂಚಲನ್ನು ಎರವಲು ಪಡೆದಂತೆ. ವಿದ್ಯಾರ್ಥಿಗಳ ಖಾತೆಗೆ ಆ ಅಧಿಕಾರವಿರಲಿಲ್ಲ. ಇದನ್ನೆಲ್ಲ ಕರಿಹಲಗೆಯ ಮೇಲೆ ಬರೆದು ವಿವರಿಸಿದವನು ನಾನೇ ಎಂಬುದನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಜುಲೈ 15, ಸೋಮವಾರ. ಅಂಕಪಟ್ಟಿಗಳಿದ್ದ ಕಂಪ್ಯೂಟರನ್ನು ಮಧ್ಯಾಹ್ನ ತೆರೆಯಹೊರಟೆ. ಗುಪ್ತಪದ ಕೊಟ್ಟೆ. ಪರದೆ ಒಮ್ಮೆ ಕಪ್ಪಾಗಿ, ಮರುಕ್ಷಣ ಗುಪ್ತಪದ ಕೇಳುವ ಪುಟವೇ ಮರಳಿ ಬಂದಿತು. ಮತ್ತೆ ಕೊಟ್ಟೆ, ಮತ್ತೆ ಅದೇ. ಗಾಣದ ಎತ್ತಿನಂತೆ ಹತ್ತು ಬಾರಿ ಸುತ್ತಿದರೂ ಒಳಗೆ ಬಿಡದು. ಮೂರು ತರಗತಿಗಳ ಕಿರುಪರೀಕ್ಷೆಯ ಅಂಕಗಳು ಅದರೊಳಗಿದ್ದವು. ಬೇರೆಡೆ ಪ್ರತಿ ಮಾಡಿಟ್ಟಿರಲಿಲ್ಲ.

ಅಷ್ಟರಲ್ಲಿ ಯಾರೋ ಹೇಳಿದರು, ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಅದೇ ಕಂಪ್ಯೂಟರಿನ ಮುಂದೆ ಕುಳಿತಿದ್ದನೆಂದು. ನನಗೆ ಅಷ್ಟು ಸಾಕಾಯಿತು. ನೇರವಾಗಿ ತರಗತಿಗೆ ಹೋಗಿ ಅವನನ್ನು ನಿಲ್ಲಿಸಿದೆ. "ಸಾರ್, ನಾನು ಎಂತದೂ ಮಾಡ್ಲಿಲ್ಲ ಸಾರ್, ಜಿಯೋಜೀಬ್ರಾ ನೋಡಿದ್ದು ಮಾತ್ರ" ಎಂದ. ಸುಳ್ಳು ಬೇರೆ ಹೇಳುತ್ತೀಯಾ ಎಂದು ಗದರಿಸಿದೆ. ಇನ್ನು ಮುಂದೆ ಪ್ರಯೋಗಾಲಯದ ಹೊಸ್ತಿಲು ತುಳಿಯಕೂಡದೆಂದೆ. ತಂದೆಯನ್ನು ಕರೆತರಲು ಹೇಳಿದೆ. ನಲವತ್ತು ಮಕ್ಕಳು ನೋಡುತ್ತಿದ್ದರು. ಹುಡುಗ ಅಳಲಿಲ್ಲ, ತಲೆ ತಗ್ಗಿಸಿ ಡೆಸ್ಕಿನ ಮೇಲಿನ ಗೀರೊಂದನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದ.

ಮಂಗಳವಾರ ಅವನು ಶಾಲೆಗೆ ಬರಲಿಲ್ಲ. ಸಂಜೆ ನನ್ನ ಭಾವನಿಗೆ ಫೋನ್ ಮಾಡಿದೆ. ಅವರು ಕುಂಬಳೆಯ ಸಮೀಪದ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಶಿಕ್ಷಕರಾಗಿದ್ದರು. ಕೇರಳದ ಸರಕಾರ 'ಐಟಿ@ಸ್ಕೂಲ್' ಯೋಜನೆಯ ಮೂಲಕ ತನ್ನ ಶಾಲೆಗಳನ್ನು ನಮಗಿಂತ ಎಷ್ಟೋ ಮೊದಲೇ ಲಿನಕ್ಸಿಗೆ ಒಯ್ದಿತ್ತು. ಕಾಸರಗೋಡಿನ ಕನ್ನಡ ಶಾಲೆಗಳೂ ಅದರಲ್ಲಿ ಪಳಗಿದ್ದವು. (2017ರಲ್ಲಿ ಆ ಯೋಜನೆ 'ಕೈಟ್' ಎಂಬ ಸಂಸ್ಥೆಯಾಗಿ ಮಾರ್ಪಟ್ಟಿತು.) ನಾನು ಹುಡುಗನ ಅಪರಾಧದಿಂದಲೇ ಕಥೆಯನ್ನು ಆರಂಭಿಸಿದೆ. ಭಾವ ನಡುವೆಯೇ ತಡೆದರು.

"ಭಾವ, ಯಾರು ಮಾಡಿದ್ದು ಅಂತ ಆಮೇಲೆ ನೋಡುವ. ಎಂತ ಆಗಿದೆ ಅಂತ ಮೊದಲು ನೋಡುವ. ನಾಳೆ ಕಂಪ್ಯೂಟರಿನ ಎದುರು ಕೂತು ಫೋನ್ ಮಾಡಿ. ಅಷ್ಟರವರೆಗೆ ಎಂತದೂ ಮುಟ್ಟಬೇಡಿ."

ಬುಧವಾರ ಶಾಲೆ ಬಿಟ್ಟ ಮೇಲೆ ಕುಳಿತೆ. ಹೊರಗೆ ಜಡಿಮಳೆ. ಭಾವ ಹೇಳಿದಂತೆ ಕಂಟ್ರೋಲ್, ಆಲ್ಟ್, ಎಫ್1 ಕೀಲಿಗಳನ್ನು ಒಟ್ಟಿಗೆ ಒತ್ತಿದೆ. ಚಿತ್ರಗಳಿಲ್ಲದ, ಕೇವಲ ಅಕ್ಷರಗಳ ಕಪ್ಪು ಪರದೆ ಬಂತು. ಅಲ್ಲಿ ಹೆಸರು, ಗುಪ್ತಪದ ಕೊಟ್ಟರೆ ಸಲೀಸಾಗಿ ಒಳಗೆ ಬಿಟ್ಟಿತು. ಗುಪ್ತಪದವನ್ನು ಯಾರೂ ಬದಲಿಸಿಲ್ಲವೆಂದು ಅಲ್ಲಿಗೆ ಸಿದ್ಧವಾಯಿತು. 'ಡಿಎಫ್' ಎಂಬ ಆಜ್ಞೆಯಿಂದ ಡಿಸ್ಕಿನಲ್ಲಿ ಜಾಗವಿದೆಯೇ ಎಂದು ನೋಡಿದೆವು. ಡಿಸ್ಕ್ ತುಂಬಿದರೂ ಇದೇ ತೊಂದರೆ ಬರುವುದುಂಟು. ಆದರೆ ಜಾಗ ಧಾರಾಳವಾಗಿತ್ತು. ಬಳಿಕ 'ಎಲ್‌ಎಸ್' ಆಜ್ಞೆಗೆ ಎರಡು ಅಕ್ಷರಗಳನ್ನು ಸೇರಿಸಿ, ಅಡಗಿರುವ ಕಡತಗಳನ್ನೂ ಅವುಗಳ ಒಡೆಯರನ್ನೂ ಪಟ್ಟಿ ಮಾಡಿಸಿದೆವು. ಯುನಿಕ್ಸಿನಲ್ಲಿ ಹೆಸರಿನ ಮೊದಲು ಒಂದು ಚುಕ್ಕಿಯಿಟ್ಟರೆ ಆ ಕಡತ ಸಾಮಾನ್ಯವಾಗಿ ಕಣ್ಣಿಗೆ ಬೀಳದು.

"ಎಕ್ಸ್‌ಅಥಾರಿಟಿ ಅಂತ ಉಂಟಾ? ಅದರ ಓನರ್ ಯಾರು ನೋಡಿ."

ನೋಡಿದೆ. ಉಳಿದೆಲ್ಲ ಕಡತಗಳ ಎದುರು ಶಿಕ್ಷಕರ ಖಾತೆಯ ಹೆಸರಿದ್ದರೆ, ಅದೊಂದರ ಎದುರು ಮಾತ್ರ 'ರೂಟ್' ಎಂದಿತ್ತು.

ವಿಷಯ ಇಷ್ಟೆ. ಚಿತ್ರಪರದೆಯ ಮೇಲೆ ಕಾಣಿಸಿಕೊಳ್ಳುವ ತಂತ್ರಾಂಶಗಳಿಗೆ ಒಂದು ರಹಸ್ಯ ಪಾಸು ಬೇಕು. ಪ್ರತಿ ಬಾರಿ ಒಳಹೊಕ್ಕಾಗ ಹೊಸ ಪಾಸನ್ನು ಈ ಕಡತದಲ್ಲಿ ಬರೆಯಲಾಗುತ್ತದೆ. ಕಡತದ ಒಡೆಯ ಬೇರೆಯವನಾದರೆ ಬರೆಯಲು ಹಕ್ಕಿಲ್ಲ. ಪಾಸಿಲ್ಲದೆ ಪರದೆ ತೆರೆಯದು. ಆದುದರಿಂದ ಹೊರಗೆ ತಳ್ಳಲ್ಪಡುತ್ತೇವೆ. ಒಡೆತನವನ್ನು ಮರಳಿ ನಮ್ಮ ಹೆಸರಿಗೆ ಮಾಡುವ 'ಸಿಎಚ್ಓನ್' ಆಜ್ಞೆಯ ಒಂದು ಸಾಲು ಬರೆದು ಎಫ್7ಕ್ಕೆ ಮರಳಿದೆ. ಗುಪ್ತಪದ ಕೊಟ್ಟೆ. ನನ್ನ ಅಂಕಪಟ್ಟಿಗಳೆಲ್ಲ ಒಂದೂ ಕದಲದೆ ಇದ್ದಲ್ಲೇ ಇದ್ದವು.

ಸಂತೋಷಪಡಬೇಕಾದ ಆ ಗಳಿಗೆಯಲ್ಲಿ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಕಡತದ ಒಡೆಯ ರೂಟ್ ಆಗಬೇಕಾದರೆ ಯಾರೋ ಸುಡೋ ಬಳಸಿರಬೇಕು. ಆ ಅಧಿಕಾರ ಮಕ್ಕಳ ಖಾತೆಗಿಲ್ಲ. ಶಿಕ್ಷಕರ ಖಾತೆಯ ಗುಪ್ತಪದ ಬಲ್ಲವನು ಇಡೀ ಶಾಲೆಯಲ್ಲಿ ಒಬ್ಬನೇ.

ಲಿನಕ್ಸಿನಲ್ಲಿ ಸುಡೋ ಬಳಸಿದ ಪ್ರತಿ ಸಲವೂ ದಿನಾಂಕ, ವೇಳೆ, ಬಳಸಿದವರ ಹೆಸರು, ಕೊಟ್ಟ ಆಜ್ಞೆ ಇಷ್ಟೂ ಒಂದು ದಾಖಲೆಯಲ್ಲಿ ಸೇರುತ್ತವೆ. ಹಿಂದಿನ ವಾರದ ದಾಖಲೆಯನ್ನು ತೆರೆದೆ. ಜುಲೈ 13, ಶನಿವಾರ, ಮಧ್ಯಾಹ್ನ 1 ಗಂಟೆ 42 ನಿಮಿಷ, ಶಿಕ್ಷಕರ ಖಾತೆ, ಆಜ್ಞೆ 'ಸ್ಟಾರ್ಟ್‌ಎಕ್ಸ್'. ಎಲ್ಲವೂ ನೆನಪಾಯಿತು. ಶನಿವಾರ ಬೆಳಗಿನ ತರಗತಿ ಮುಗಿದು ಮಕ್ಕಳು ಮನೆಗೆ ಹೋಗಿದ್ದರು. ಪರದೆ ಸ್ತಬ್ಧವಾಗಿತ್ತು. ಬಸ್ಸಿನ ಅವಸರದಲ್ಲಿ, ಹಿಂದೆಂದೋ ಚೀಟಿಯಲ್ಲಿ ಬರೆದುಕೊಂಡಿದ್ದ ಆಜ್ಞೆಯನ್ನು ಸುಡೋ ಸಮೇತ ಕುಟ್ಟಿ, ಪರದೆ ಬಂದಾಗ ಬೇಕಾದುದನ್ನು ಮುದ್ರಿಸಿಕೊಂಡು ಹೊರಟುಬಿಟ್ಟಿದ್ದೆ. ಸುಡೋ ಸೇರಿಸಬಾರದ ಕಡೆ ಸೇರಿಸಿ, ನನ್ನ ಮನೆಗೆ ನಾನೇ ಬೇರೆಯವರ ಬೀಗ ಜಡಿದಿದ್ದೆ.

ಆ ದಾಖಲೆಯ ಸಾಲಿನ ಮುಂದೆ ಎಷ್ಟು ಹೊತ್ತು ಕುಳಿತೆನೋ ತಿಳಿಯದು. ಯಂತ್ರಕ್ಕೆ ಮುಲಾಜಿಲ್ಲ, ದ್ವೇಷವೂ ಇಲ್ಲ. ನಡೆದುದನ್ನು ನಡೆದಂತೆ ಬರೆದಿಟ್ಟಿತ್ತು. ಸೋಮವಾರವೇ ನಾನು ಅದನ್ನು ಓದಬಹುದಾಗಿತ್ತು. ಓದಲಿಲ್ಲ, ಅಪರಾಧಿ ಸುಲಭವಾಗಿ ಸಿಕ್ಕಿದ್ದ.

ಅಂದೇ ಸಂಜೆ ಅವನ ಮನೆಗೆ ಹೋದೆ. ತಂದೆ ಕಲ್ಲಿನ ಕೆಲಸದವರು. 1432ರಲ್ಲಿ ಬಾಹುಬಲಿಯ 42 ಅಡಿಯ ಏಕಶಿಲಾ ಮೂರ್ತಿ ನಿಂತ ಊರಿನಲ್ಲಿ ಆ ಕಸುಬು ಇಂದಿಗೂ ಬದುಕಿದೆ. ಚಪ್ಪರದಡಿ ಅರೆಬರೆಯಾಗಿದ್ದ ಕರಿಕಲ್ಲಿನ ತುಳಸಿಕಟ್ಟೆಯ ಬಳಿಯಿಂದ ಎದ್ದು ಬಂದವರು, "ಮಾಷ್ಟ್ರೇ, ನಾಳೆ ನಾನೇ ಬರ್ತಿದ್ದೆ. ಹಾಳಾದ್ದಕ್ಕೆ ಎಷ್ಟು ಖರ್ಚಾದೀತು?" ಎಂದು ಕೇಳಿದರು. ದುಡ್ಡು ಹೊಂದಿಸಲೆಂದೇ ಎರಡು ದಿನ ತಡಮಾಡಿದ್ದರೆಂದು ತಿಳಿದಾಗ ನನಗೆ ನಿಂತ ನೆಲ ಕುಸಿದಂತಾಯಿತು. ತಪ್ಪು ನನ್ನದೆಂದು ಹೇಳಿದೆ. ಹುಡುಗನನ್ನು ಕರೆದು ಅವನಿಗೂ ಹೇಳಿದೆ. ಅವನು "ಆಯ್ತು ಸಾರ್" ಎಂದಷ್ಟೇ ನುಡಿದ.

ಎಲ್ಲರೆದುರು ಗದರಿಸಿದ್ದನ್ನು ಮನೆಯ ಅಂಗಳದಲ್ಲಿ ಹಿಂತೆಗೆದುಕೊಂಡರೆ ಲೆಕ್ಕ ಚುಕ್ತಾ ಆಗದು. "ಮಕ್ಕಳ ಮುಂದೆ ಹೇಳಿದರೆ ಸದರ ಕೊಟ್ಟಂತಾಗುತ್ತದೆ" ಎಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು. ಆದರೂ ಗುರುವಾರ ಅದೇ ತರಗತಿಯಲ್ಲಿ ದಾಖಲೆಯ ಆ ಸಾಲನ್ನು ಕರಿಹಲಗೆಯ ಮೇಲೆ ಯಥಾವತ್ತಾಗಿ ಬರೆದೆ. ದಿನಾಂಕ ಯಾವುದು, ಖಾತೆ ಯಾರದು, ಆಜ್ಞೆ ಏನು ಎಂದು ಒಂದೊಂದಾಗಿ ಕೇಳಿದೆ. ಮಕ್ಕಳು ಉತ್ತರಿಸುತ್ತ ಹೋಗಿ ಕೊನೆಯಲ್ಲಿ ಒಮ್ಮೆಲೇ ಸುಮ್ಮನಾದರು. "ಹೌದು, ಅದು ನಾನೇ" ಎಂದೆ. ಯಾರೂ ನಗಲಿಲ್ಲ. ನನ್ನ ಗೌರವ ಕುಗ್ಗಿತೋ ಹಿಗ್ಗಿತೋ ಅಳೆಯುವ ಗೋಜಿಗೆ ಹೋಗಲಿಲ್ಲ.

ಇಂತಹ ಕಥೆಗಳು ಸಾಮಾನ್ಯವಾಗಿ ಆ ಹುಡುಗ ಮುಂದೆ ದೊಡ್ಡ ಕಂಪ್ಯೂಟರ್ ಇಂಜಿನಿಯರ್ ಆದನೆಂದು ಮುಗಿಯುತ್ತವೆ. ಹಾಗಾಗಲಿಲ್ಲ. ಅವನು ಶಾಲೆಗೆ ಬಂದ, ಚೆನ್ನಾಗಿಯೇ ಓದಿ ಹತ್ತನೆಯ ತರಗತಿ ಮುಗಿಸಿದ, ಎದುರು ಸಿಕ್ಕಾಗ ನಮಸ್ಕಾರವನ್ನೂ ಹೇಳುತ್ತಿದ್ದ. ಆದರೆ ಪ್ರಾರ್ಥನೆಗೆ ಮೊದಲು ಪ್ರಯೋಗಾಲಯದಲ್ಲಿ ಕುಳಿತದ್ದನ್ನು ಮತ್ತೆಂದೂ ಕಾಣಲಿಲ್ಲ. ನಾನಾಗಿ ಕರೆದಾಗಲೂ "ಬೇಡ ಸಾರ್" ಎಂದ. ಹೇಳಿಸಿಕೊಳ್ಳದೆ ತಾನಾಗಿ ಜಿಯೋಜೀಬ್ರಾ ತೆರೆದ ಮೊದಲ ವಿದ್ಯಾರ್ಥಿ ಅವನಾಗಿದ್ದ. ಕಡತದ ಒಡೆತನವನ್ನು ಮರಳಿಸಲು ಒಂದು ಸಾಲು ಸಾಕಾಯಿತು. ಅವನಿಂದ ಕಿತ್ತುಕೊಂಡದ್ದನ್ನು ಮರಳಿಸುವ ಆಜ್ಞೆ ನನಗೆ ಸಿಗಲಿಲ್ಲ.

ಅಂದಿನಿಂದ ಒಂದು ಕ್ರಮವನ್ನು ಪಾಲಿಸುತ್ತ ಬಂದಿದ್ದೇನೆ. ಮೊದಲು ಏನಾಗಿದೆಯೆಂದು ನೋಡುವುದು. ಬಳಿಕ ಏನು ಆಗಿಲ್ಲವೆಂಬುದನ್ನು ಒಂದೊಂದಾಗಿ ಖಚಿತಪಡಿಸಿಕೊಳ್ಳುವುದು. ದಾಖಲೆಯನ್ನು ಓದುವುದು. ಮುಟ್ಟುವ ಮೊದಲು ಮುಖ್ಯ ಕಡತಗಳ ಪ್ರತಿ ತೆಗೆದಿಡುವುದು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡುವುದು. ಈಗ ಮನೆಗೆ ಬಂದವರು "ಮೊಮ್ಮಗಳು ಎಂತದೋ ಮಾಡಿದ್ದಾಳೆ" ಎಂದರೆ, "ಆಗಲಿ, ಕೂತುಕೊಳ್ಳಿ, ಮೊದಲು ನೋಡುವ" ಎನ್ನುತ್ತೇನೆ. ಆ ಮಗುವೂ ಜೊತೆಯಲ್ಲಿ ಬಂದಿದ್ದರೆ ಅದನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಕೀಲಿಗಳನ್ನು ಅದರಿಂದಲೇ ಒತ್ತಿಸುತ್ತೇನೆ.